ಫೋಟೊದಲ್ಲಿದ್ದ ಬಾಟಲಿ ಬೇರೆ, ಮನೆಗೆ ಬಂದದ್ದು ಬೇರೆ: ಬರ್ಗಂಡಿಯ ದುಬಾರಿ ವೈನ್ ಕೊಳ್ಳುವವರೇ, ಎಚ್ಚರ

ಫ್ರಾನ್ಸಿನಲ್ಲಿ ನೆಲೆಸಿರುವ ಮತ್ತು ಇಲ್ಲಿಗೆ ಬಂದು ಹೋಗುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರ್ಗಂಡಿ ಪ್ರದೇಶದ ಹೆಸರಾಂತ ವೈನ್ ಮನೆತನವಾದ ದೊಮೇನ್ ದ ಲಾ ರೊಮಾನೆ-ಕೊಂತಿಯ ವೈನ್ ಎಂದು ಹೇಳಿ ಖಾಸಗಿ ವ್ಯಕ್ತಿಗಳು ಅಂತರ್ಜಾಲದಲ್ಲಿ ಮಾರುವ ಒಂಟಿ ಬಾಟಲಿಗಳನ್ನು ಕೊಳ್ಳಬೇಡಿ. ಅದನ್ನು ಮೊದಲು ಕೊಂಡಾಗಿನ ರಸೀದಿ ಕಣ್ಣಿಗೆ ಬೀಳುವ ತನಕ ಒಂದು ಯೂರೋ ಕೂಡ ಕಳಿಸಬೇಡಿ. ಲಿಯೋನ್‌ನಲ್ಲಿರುವ ನಾವು ಮೂರು ಕುಟುಂಬದವರು ಸೇರಿಸಿ ಕೊಟ್ಟ ನಾಲ್ಕಂಕಿಯ ಮೊತ್ತ ಇವತ್ತಿಗೂ ವಾಪಸ್ ಬಂದಿಲ್ಲ.

ನಾವು ಕೊಂಡದ್ದು ಆ ಮನೆತನದ, ಎಶೆಜೊ ಎಂಬ ತೋಟದ 2005ರ ವೈನ್. ನಾವೆಲ್ಲ ಈ ಊರಿಗೆ ಹೊಸಬರಾಗಿದ್ದಾಗ ಬಾಡಿಗೆ ಮನೆ ಹುಡುಕಿಕೊಟ್ಟು, ಜಾಮೀನು ನಿಂತ ಹಿರಿಯರೊಬ್ಬರು ನಿವೃತ್ತರಾಗುವವರಿದ್ದರು. ವೈನ್ ಬಗ್ಗೆ ಆಳವಾಗಿ ತಿಳಿದವರು, ಆದರೆ ತಮಗಾಗಿ ದೊಡ್ಡ ಖರ್ಚು ಮಾಡಿಕೊಂಡವರಲ್ಲ. ‘ಆ ತೋಟದ್ದು ಜೀವನದಲ್ಲಿ ಒಂದು ಲೋಟ ಸಿಕ್ಕರೆ ಸಾಕಪ್ಪ’ ಎಂದು ಆಗಾಗ ಹೇಳುತ್ತಿದ್ದರು. ಅವರ ರೊಮಾನೆ-ಕೊಂತಿ, ಲಾ ತಾಶ್ ತೋಟಗಳ ವೈನ್ ನಮ್ಮ ಅಳವಿನ ಮಾತಲ್ಲ. ಅವುಗಳಿಗೆ ಹೋಲಿಸಿದರೆ ಅದೇ ಮನೆತನದ ಎಶೆಜೊ ಕಡಿಮೆ ಬೆಲೆಯದು. 2005 ಬರ್ಗಂಡಿಯ ಕೆಂಪು ವೈನ್‌ಗೆ ತುಂಬ ಒಳ್ಳೆಯ ವರ್ಷ. ಅದಕ್ಕೇ ಆ ಹಿರಿಯರಿಗೆ ಉಡುಗೊರೆಯಾಗಿ ಅದನ್ನು ಆರಿಸಿದೆವು.

ಈ ವೈನ್ ಯಾಕೆ ಮೋಸಗಾರರ ಕಣ್ಣಿಗೆ ಬೀಳುತ್ತದೆ ಎಂಬುದು ಗೊತ್ತಿರಲಿ. ವೋನ್-ರೊಮಾನೆ ಎಂಬ ಸಣ್ಣ ಹಳ್ಳಿಯ ಮೇಲ್ಭಾಗದ ಇಳಿಜಾರಿನಲ್ಲಿರುವ ರೊಮಾನೆ-ಕೊಂತಿ ತೋಟದ ವಿಸ್ತೀರ್ಣ ಸುಮಾರು 1.8 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ. ಮೋಟುಗೋಡೆಯ ಪಕ್ಕದಲ್ಲಿ ಒಂದು ಕಲ್ಲಿನ ಶಿಲುಬೆ, ತೋಟದೊಳಗೆ ಕಾಲಿಡಬೇಡಿ ಎಂಬ ವಿನಂತಿಯ ಫಲಕ, ಸಾಲು ಸಾಲು ಪಿನೊ ನ್ವಾರ್ ದ್ರಾಕ್ಷಿ ಗಿಡಗಳು. ಇಷ್ಟೇ ಅಲ್ಲಿ ಕಾಣುವುದು. ವರ್ಷಕ್ಕೆ ಕೆಲವೇ ಸಾವಿರ ಬಾಟಲಿ. ದಾರಿಹೋಕರು ಬಾಗಿಲು ತಟ್ಟಿ ಕೊಳ್ಳುವಂತಿಲ್ಲ. ವೈನ್ ಗೊತ್ತುಪಡಿಸಿದ ವ್ಯಾಪಾರಿಗಳ ಮೂಲಕವೇ ಹೊರಗೆ ಹೋಗುತ್ತದೆ. 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1945ರ ಒಂದು ರೊಮಾನೆ-ಕೊಂತಿ ಬಾಟಲಿ 5,58,000 ಡಾಲರಿಗೆ ಹೋಯಿತು. ಅಂಥ ಹೆಸರಿನ ನೆರಳಿನಲ್ಲಿ ಎಶೆಜೊವಿನಂಥ ಬಾಟಲಿಗೂ ಕಳ್ಳರು ಕಾಯುತ್ತಿರುತ್ತಾರೆ.

ನಮಗೆ ಮಾರಿದವನು ಬಹಳ ಸಂಯಮದಿಂದ ಮಾತನಾಡಿದ. ಬೆಲೆ ಅನುಮಾನ ಹುಟ್ಟಿಸುವಷ್ಟು ಅಗ್ಗವಾಗಿರಲಿಲ್ಲ, ಮಾರುಕಟ್ಟೆಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ಅಷ್ಟೇ. ತೀರಿಹೋದ ತಂದೆಯ ನೆಲಮಾಳಿಗೆಯಲ್ಲಿದ್ದದ್ದು, ಮನೆ ಮಾರುತ್ತಿದ್ದೇವೆ, ಅದಕ್ಕೇ ಕೊಡುತ್ತಿದ್ದೇವೆ ಎಂದ. ಲೇಬಲ್, ಬಾಟಲಿಯ ಕೊರಳು, ವೈನ್ ಎಲ್ಲಿಯವರೆಗೆ ತುಂಬಿದೆ ಎಂಬ ಮಟ್ಟ, ಹಿಂಬದಿ, ತಳ, ಹೀಗೆ ಕೇಳಿದ್ದಕ್ಕೆಲ್ಲ ಸ್ಪಷ್ಟವಾದ ಫೋಟೊ ಕಳಿಸಿದ. ಅವನ್ನು ನಮ್ಮಲ್ಲಿ ತಿಳಿದವರಿಗೆ ತೋರಿಸಿದೆವು. ಯಾರಿಗೂ ತಪ್ಪು ಕಾಣಲಿಲ್ಲ. ಕಾಣುವಂತೆಯೂ ಇರಲಿಲ್ಲ, ಯಾಕೆಂದರೆ ಫೋಟೊದಲ್ಲಿದ್ದದ್ದು ಬಹುಶಃ ಅಸಲಿ ಬಾಟಲಿಯೇ. ಹಣವನ್ನು ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿಸಿಕೊಂಡ.

ಪೆಟ್ಟಿಗೆ ಬಂತು. ಈ ಮನೆತನದ ಲೇಬಲ್‌ನಲ್ಲಿ ಆ ವರ್ಷ ಒಟ್ಟು ಎಷ್ಟು ಬಾಟಲಿ ಆಯಿತು ಎಂಬುದೂ, ಕೈಯಲ್ಲಿರುವುದು ಎಷ್ಟನೆಯದು ಎಂಬ ಕ್ರಮಸಂಖ್ಯೆಯೂ ಇರುತ್ತವೆ. ಬಿಚ್ಚಿದ ಕೂಡಲೇ ನನ್ನ ಹೆಂಡತಿ ಫೋಟೊವನ್ನು ಬಾಟಲಿಯ ಪಕ್ಕಕ್ಕೆ ಹಿಡಿದಳು. ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ ಬೇರೆ. ಫೋಟೊದ ಲೇಬಲ್‌ನ ಎಡಗಡೆ ಕೆಳಮೂಲೆಯಲ್ಲಿ ಉಗುರಿನಷ್ಟು ಹರಿದಿತ್ತು. ನಮ್ಮ ಮುಂದಿದ್ದ ಲೇಬಲ್‌ನ ಮೂಲೆ ನೆಟ್ಟಗಿತ್ತು. ಕೇಳಿದರೆ, ನನ್ನ ಹತ್ತಿರ ಎರಡಿದ್ದವು, ಕಟ್ಟುವಾಗ ಅದಲುಬದಲಾಗಿದೆ ಎಂದ. ಹಾಗಾದರೆ ಇನ್ನೊಂದನ್ನು ಕಳಿಸು ಎಂದಾಗ, ಫೋಟೊ ಮಾದರಿಗೆ ಮಾತ್ರ ಎಂದ. ಆಮೇಲೆ ಉತ್ತರವೇ ನಿಂತುಹೋಯಿತು.

ಬಾಟಲಿಯನ್ನು ಬೋನ್ ಪಟ್ಟಣದ ಹಳೆಯ ವೈನ್ ವ್ಯಾಪಾರಿಯೊಬ್ಬರ ಬಳಿ ಒಯ್ದೆವು. ಅವರು ಮಾತಾಡದೆ ಲೇಬಲ್ ಮೇಲೆ ಭೂತಗನ್ನಡಿ ಇಟ್ಟು, ನೋಡಿ ಎಂದು ನನ್ನತ್ತ ಸರಿಸಿದರು. ಬರಿಗಣ್ಣಿಗೆ ಅಚ್ಚ ಕಪ್ಪಾಗಿ ಕಾಣುತ್ತಿದ್ದ ಅಕ್ಷರಗಳ ಅಂಚಿನಲ್ಲಿ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಚೆಲ್ಲಿಕೊಂಡಿದ್ದವು, ಮನೆಯ ಬಣ್ಣದ ಪ್ರಿಂಟರಿನಿಂದ ಬರುವಂಥವು. ಪಕ್ಕದಲ್ಲಿ ತಮ್ಮ ಸಂಗ್ರಹದ ಅದೇ ಮನೆತನದ ಬಾಟಲಿಯೊಂದನ್ನು ಇಟ್ಟರು. ಅದರಲ್ಲಿ ಕಪ್ಪು ಎಂದರೆ ಕಪ್ಪು, ಗೆರೆ ಎಂದರೆ ಗೆರೆ. ನಮ್ಮದರ ಕಾಗದವನ್ನು ಟೀ ಬಣ್ಣದ ನೀರಿನಲ್ಲಿ ಹಳೆಯದಾಗಿಸಿರಬಹುದು ಎಂದರು. ಬಣ್ಣ ಎಲ್ಲೆಡೆ ಒಂದೇ ಸಮನಾಗಿತ್ತು. ನೆಲಮಾಳಿಗೆಯ ತೇವಕ್ಕೆ ಲೇಬಲ್ ಹಾಗೆ ಒಂದೇ ಸಮನೆ ಮಾಸುವುದಿಲ್ಲವಂತೆ. ಬಿರಡೆ ತೆಗೆದು ನೋಡೋಣವೇ ಎಂದು ಕೇಳಿದೆ. ಖಂಡಿತ ಬೇಡ ಎಂದರು. ಅಸಲಿ ಬಿರಡೆಯ ಮೇಲೆ ತೋಟದ ಹೆಸರು, ವರ್ಷ ಎರಡೂ ಒತ್ತಿರುತ್ತವೆ, ನಿಜ. ಆದರೆ ತೆಗೆದ ಬಾಟಲಿ ಪೊಲೀಸರ ಮುಂದೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬಾಟಲಿ, ಪೆಟ್ಟಿಗೆ, ಕೊರಿಯರ್ ಚೀಟಿ, ಮಾತುಕತೆಯ ಪ್ರತಿ ಸಾಲು, ಎಲ್ಲವನ್ನೂ ಇದ್ದ ಹಾಗೆಯೇ ಒಪ್ಪಿಸಿ ದೂರು ಕೊಟ್ಟೆವು.

ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಅಂಗಡಿಯಿಂದ ಅಂತರ್ಜಾಲದ ಮೂಲಕ ಕೊಂಡರೆ ಸಾಮಾನ್ಯವಾಗಿ 14 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಯುರೋಪಿನಲ್ಲಿದೆ. ಮಾರಿದವನು ಖಾಸಗಿ ವ್ಯಕ್ತಿಯಾದರೆ ಆ ಹಕ್ಕು ಇಲ್ಲ. ‘ತಂದೆಯ ನೆಲಮಾಳಿಗೆ’ ಎಂಬ ಕಥೆ ಮನಸ್ಸನ್ನು ಕರಗಿಸುವುದಕ್ಕಷ್ಟೇ ಅಲ್ಲ, ಈ ಹಕ್ಕಿನಿಂದ ನಮ್ಮನ್ನು ಹೊರಗಿಡುವುದಕ್ಕೂ ಹೌದು. ಮೋಸದ ದೂರನ್ನು ಠಾಣೆಯಲ್ಲಿ ಕೊಡಬಹುದು; ಅಂತರ್ಜಾಲದ ವಂಚನೆಗೆಂದೇ ಥೇಸೇ ಎಂಬ ಸರ್ಕಾರಿ ಸೇವೆಯೂ ಇದೆ. ಬ್ಯಾಂಕಿಗೆ ಅದೇ ದಿನ ತಿಳಿಸಿ. ತಡವಾದಷ್ಟೂ ಹಣ ಕೈಬದಲಾಗುತ್ತದೆ.

ಬಲ್ಲವರೂ ಇದರಲ್ಲಿ ಬಿದ್ದಿದ್ದಾರೆ. 2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಬರ್ಗಂಡಿಯ ಪೊನ್ಸೊ ಮನೆತನದ್ದು ಎನ್ನಲಾದ, ಕ್ಲೊ ಸೇಂ-ದನಿ ಎಂಬ ತೋಟದ ವೈನ್ ಬಂದಿತ್ತು, ಅದರಲ್ಲಿ 1945ರ ಬಾಟಲಿಯೂ ಇತ್ತು. ಆ ಮನೆತನ ಆ ತೋಟದ ವೈನ್ ಮಾಡತೊಡಗಿದ್ದೇ 1980ರ ದಶಕದಲ್ಲಿ. ಮನೆತನದ ಲೊರಾಂ ಪೊನ್ಸೊ ಸ್ವತಃ ಅಮೆರಿಕಕ್ಕೆ ಹೋಗಿ ಅವನ್ನು ಹರಾಜಿನಿಂದ ತೆಗೆಸಿದರು. ಆ ನಕಲಿ ಬಾಟಲಿಗಳ ಹಿಂದಿದ್ದ ರೂಡಿ ಕುರ್ನಿಯವಾನ್ 2012ರಲ್ಲಿ ಬಂಧಿತನಾದಾಗ ಕ್ಯಾಲಿಫೋರ್ನಿಯದ ಅವನ ಮನೆಯಲ್ಲಿ ಕಂತೆಗಟ್ಟಲೆ ಲೇಬಲ್, ಬಿರಡೆ, ಬೆರಕೆಯ ಸೂತ್ರಗಳು ಸಿಕ್ಕವು. 2014ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. ರೊಮಾನೆ-ಕೊಂತಿಯಲ್ಲೂ ಇಂಥ ಗುರುತಿದೆ: 1945ರ ಕೊಯ್ಲಿನ ನಂತರ ಮುದಿ ಗಿಡಗಳನ್ನು ಕಿತ್ತು ಹೊಸದಾಗಿ ನೆಟ್ಟದ್ದರಿಂದ 1946ರಿಂದ 1951ರವರೆಗೆ ಆ ತೋಟದ ವೈನ್ ಇಲ್ಲವೇ ಇಲ್ಲ. ಆ ವರ್ಷಗಳ ಬಾಟಲಿ ತೋರಿಸಿದವನೊಡನೆ ಮುಂದಿನ ಮಾತು ಬೇಡ.

ಖಾಲಿ ಬಾಟಲಿಗಳೂ ಮಾರಾಟವಾಗುತ್ತವೆ ಎಂಬುದು ಹಲವರಿಗೆ ಗೊತ್ತಿಲ್ಲ. ಕುರ್ನಿಯವಾನ್ ಹೋಟೆಲಿನಲ್ಲಿ ಕುಡಿದ ಮೇಲೆ ಖಾಲಿ ಬಾಟಲಿಗಳನ್ನು ತನಗೆ ಕಳಿಸಿಕೊಡಿ ಎಂದು ಕೇಳುತ್ತಿದ್ದ. ನಿಮ್ಮ ಅದೃಷ್ಟಕ್ಕೆ ಅಸಲಿ ಬಾಟಲಿ ಸಿಕ್ಕಿ, ಕುಡಿದು ಮುಗಿಸಿದರೆ, ಲೇಬಲ್ ಮೇಲೆ ಪೆನ್ನಿನಿಂದ ದಪ್ಪ ಗೀಟೆಳೆದು ಇಟ್ಟುಕೊಳ್ಳಿ, ಇಲ್ಲವೇ ಒಡೆದುಬಿಡಿ. ಹಾಗೇ ಕಸದ ತೊಟ್ಟಿಗೆ ಹಾಕಬೇಡಿ.

ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ಊರಿನಲ್ಲಿರುವ ಬಾಸ್ ಅಥವಾ ಸಂಬಂಧಿಕರು, ಬರುವಾಗ ಒಂದು ಒಳ್ಳೆ ಬರ್ಗಂಡಿ ತಗೊಂಡು ಬಾ ಎಂದು ಹೇಳಿ ಕಳಿಸುವುದು ಹೆಚ್ಚಾಗಿದೆ. ವಾರದ ಭೇಟಿಗೆ ಬಂದವರು ಅವಸರದಲ್ಲಿರುತ್ತಾರೆ, ಮೋಸ ಹೋದರೆ ಮರಳಿ ಬಂದು ದೂರು ಕೊಡಲಾರರು. ಇದು ಮಾರುವವರಿಗೂ ಗೊತ್ತು. ಹಾಗೆ ತರಲೇಬೇಕಾದರೆ ಬೋನ್ ಅಥವಾ ದಿಜೋನ್‌ನ ಅಂಗಡಿಯಲ್ಲಿ ಹೆಸರು, ವರ್ಷ, ಕ್ರಮಸಂಖ್ಯೆ ಬರೆದ ಬಿಲ್ ಪಡೆದು ಕೊಳ್ಳಿ. ವೈನ್ ಅಂಗಡಿಗೆ ಎಲ್ಲಿಂದ ಬಂತು, ಎಷ್ಟು ತಂಪಿನಲ್ಲಿತ್ತು ಎಂದು ಸಂಕೋಚವಿಲ್ಲದೆ ಕೇಳಿ. 12ರಿಂದ 14 ಡಿಗ್ರಿಯ ತಂಪಿನಲ್ಲಿ ಇರಬೇಕಾದ ವೈನ್ ಒಂದು ಬೇಸಿಗೆ ಬಿಸಿಯಲ್ಲಿ ಕಳೆದರೂ ಅಸಲಿ ಬಾಟಲಿಯ ಒಳಗಿನ ರುಚಿ ಕೆಡುತ್ತದೆ.

ನಮ್ಮ ದೂರು ಇನ್ನೂ ತನಿಖೆಯಲ್ಲಿದೆ. ಹಿರಿಯರಿಗೆ ಬೋನ್‌ನ ಅದೇ ವ್ಯಾಪಾರಿಯ ಬಳಿ ವೋನ್-ರೊಮಾನೆಯದೇ ಬೇರೊಂದು ಮನೆತನದ ವೈನ್ ಕೊಂಡುಕೊಟ್ಟೆವು. ಆದರೆ ಮೊನ್ನೆ ಅದೇ ಫೋಟೊ ಇನ್ನೊಂದು ಹೆಸರಿನಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ: ನೀಲಿ ಚೌಕಳಿಯ ಮೇಜುವಸ್ತ್ರ, 2005ರ ಎಶೆಜೊ, ಲೇಬಲ್‌ನ ಎಡಗಡೆ ಕೆಳಮೂಲೆ ಹರಿದದ್ದು. ಈ ಸಲ ಅದು ತಂದೆಯದಲ್ಲ, ಅಜ್ಜನ ನೆಲಮಾಳಿಗೆಯದಂತೆ. ಪೊಲೀಸರಿಗೆ ಅದನ್ನೂ ಕಳಿಸಿದ್ದೇವೆ. ನಿಮ್ಮ ಕಣ್ಣಿಗೆ ಬಿದ್ದರೆ ಪರದೆಯ ಚಿತ್ರ ತೆಗೆದಿಟ್ಟು, ಆ ಜಾಲತಾಣಕ್ಕೂ ಪೊಲೀಸರಿಗೂ ತಿಳಿಸಿ. ಮಾರುವವನೊಡನೆ ವಾದಕ್ಕಿಳಿಯಬೇಡಿ, ಎಚ್ಚೆತ್ತು ಅಳಿಸಿಬಿಡುತ್ತಾನೆ.