ಮೀನು ಸಾಕುವವರಿಗೆ ಇನ್ನೆಸ್ ಪುಸ್ತಕವೋ, ಅಕ್ವೇರಿಯಂ ಅಟ್ಲಾಸೋ?

ರಾಯಚೂರಿನಲ್ಲಿ ಮೀನು ಸಾಕುವವರು ಒಂದು ಹಳೆಯ ಒಳ್ಳೆಯ ಪುಸ್ತಕ ಕೊಳ್ಳುವುದಾದರೆ ನಾನು ಹೇಳುವುದು ಎರಡೇ. ಅಮೆರಿಕದ ವಿಲಿಯಂ ಇನ್ನೆಸ್ ಬರೆದ 'ಎಕ್ಸಾಟಿಕ್ ಅಕ್ವೇರಿಯಂ ಫಿಶಸ್' 1935ರದು. ಜರ್ಮನಿಯ ರೀಲ್ ಮತ್ತು ಬೆನ್ಶ್ ಅವರ 'ಅಕ್ವೇರಿಯಂ ಅಟ್ಲಾಸ್' 1980ರ ದಶಕದ್ದು.

ಅಟ್ಲಾಸ್ ಇದ್ದರೆ ಕೆಲಸ ಸಲೀಸು. ಮೀನಿನ ಬಣ್ಣದ ಫೋಟೋ ಇದೆ. ಜೊತೆಗೇ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ), ಗಡಸುತನ (ಕರಗಿದ ಖನಿಜ ಲವಣಗಳ ಪ್ರಮಾಣ), ಉಷ್ಣತೆ, ಎಷ್ಟು ದೊಡ್ಡ ಟ್ಯಾಂಕ್ ಬೇಕು ಅನ್ನೋದೂ ಇದೆ. ಬೋರ್‌ವೆಲ್ ನೀರು ಬಳಸುವವರಿಗೆ ಇದು ತುಂಬಾ ಮುಖ್ಯ. ಗಪ್ಪಿ, ಮೋಲಿ ಗಡಸು ನೀರಿಗೆ ಚೆನ್ನಾಗಿ ಒಗ್ಗುತ್ತವೆ. ನಿಯಾನ್ ಟೆಟ್ರಾಗೆ ಮೆದು ನೀರು ಇಷ್ಟ, 26 ಡಿಗ್ರಿ ದಾಟದಿದ್ದರೆ ಒಳ್ಳೆಯದು. ನಮ್ಮ ಬೇಸಿಗೆ 40 ದಾಟುತ್ತೆ ಅಲ್ವಾ? ಅಂಗಡಿಗೆ ಹೋಗೋ ಮುಂಚೆ ಅಟ್ಲಾಸ್‌ನಲ್ಲಿ ಆ ಮೀನಿನ ಪುಟ ನೋಡಿ.

ಇನ್ನೆಸ್ ಓದುವ ಸುಖವೇ ಬೇರೆ. ನಿಯಾನ್ ಟೆಟ್ರಾದ ವೈಜ್ಞಾನಿಕ ಹೆಸರಿನ 'ಇನ್ನೆಸಿ' ಅವರ ಗೌರವಕ್ಕೆ ಇಟ್ಟದ್ದು. ಮೀನಿನ ಮೇಲಿನ ಅವರ ಪ್ರೀತಿ ಬರಹದಲ್ಲಿ ಎದ್ದು ಕಾಣುತ್ತದೆ. ಆದರೆ ಅದರಲ್ಲಿರುವ ಹಲವು ಮೀನಿನ ಹೆಸರು ಈಗ ಬದಲಾಗಿವೆ, ಸಲಕರಣೆಗಳ ಮಾತೂ ಹಳೆಯದು.

ಹೊಸಬರು ಕಣ್ಣು ಮುಚ್ಚಿ ಅಟ್ಲಾಸ್‌ನ ಮೊದಲ ಸಂಪುಟ ತಗೊಳ್ಳಿ. ಆಗಲೇ ಕೈ ಪಳಗಿದ್ದರೆ ಇನ್ನೆಸ್ ಹುಡುಕಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ.