ನ್ಯಾಚೆಜ್ ಕ್ರೇಪ್ ಮಿರ್ಟಲ್: ಮರ ಚೆನ್ನಾಗಿದೆ, ಚೀಟಿ ನಂಬಬೇಡಿ

ಕ್ರೇಪ್ ಮಿರ್ಟಲ್ ಅಂದರೆ ಅಂದಕ್ಕೆ ಬೆಳೆಸುವ ಹೂಮರ. ಬಿಳಿ ಹೂವಿನವುಗಳಲ್ಲಿ ನ್ಯಾಚೆಜ್ ತಳಿಯೇ ಬೇಕೆಂದು ನಾನು ಹಟ ಹಿಡಿದದ್ದು ಅದರ ಕಾಂಡಕ್ಕಾಗಿ. ಮರ ಬಲಿತ ಮೇಲೆ ತೊಗಟೆ ಚಕ್ಕೆಚಕ್ಕೆಯಾಗಿ ಸುಲಿದು ದಾಲ್ಚಿನ್ನಿ ಬಣ್ಣದ ನುಣುಪು ಮೈ ಹೊರಬೀಳುತ್ತದೆ. ಎಲೆ ಉದುರಿದಾಗಲೂ ನೋಡುತ್ತಾ ನಿಲ್ಲಬಹುದು. ಅಮೆರಿಕದ ರಾಷ್ಟ್ರೀಯ ವೃಕ್ಷೋದ್ಯಾನ ನ್ಯಾಷನಲ್ ಆರ್ಬೊರೇಟಂ 1978ರಲ್ಲಿ ಹೊರತಂದ ತಳಿ ಇದು.

ನರ್ಸರಿಯವರು ಗಿಡಕ್ಕೆ ಕಟ್ಟಿದ್ದ ಚೀಟಿಯಲ್ಲಿ 'ರೋಗನಿರೋಧಕ' ಎಂದಿತ್ತು. ಬೂದಿ ರೋಗದ ಮಟ್ಟಿಗೆ ಸರಿ. ಆದರೆ ತೊಗಟೆಗೆ ಅಂಟಿ ಕೂತು ರಸ ಹೀರುವ ಶಲ್ಕ ಕೀಟ ಇದನ್ನೂ ಬಿಡುವುದಿಲ್ಲ. ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ.

ಅಲ್ಲಿ ಜನ ಆರಿಸುವುದನ್ನು ನೋಡಿದೆ. ಎಲೆಯಲ್ಲಿ ನಾಲ್ಕು ತೂತು ಕಂಡರೆ ಸಾಕು, ಗಿಡವನ್ನು ಪಕ್ಕಕ್ಕೆ ಸರಿಸುತ್ತಾರೆ. ಎಲೆ ಮತ್ತೆ ಚಿಗುರುತ್ತದಪ್ಪಾ! ಅದೇ, ಗೊಂಚಲು ಬಿಟ್ಟ ಗಿಡವಾದರೆ ಕಾಂಡದ ಕಡೆ ಕಣ್ಣೂ ಹಾಯಿಸದೆ ಎತ್ತಿಕೊಳ್ಳುತ್ತಾರೆ. ನನಗೆ ಕೊಟ್ಟ ಗಿಡದ ಕವಲಿನ ಸಂದಿಯಲ್ಲಿ, ಕತ್ತರಿಸಿದ ಗಾಯದ ಸುತ್ತ, ಬಿಳಿ ಹತ್ತಿಯಂಥ ಕಾಳುಗಳಿದ್ದವು. ಉಗುರಲ್ಲಿ ಒತ್ತಿದೆ, ಗುಲಾಬಿ ರಸ ಬಂತು. ಶಲ್ಕ ಕೀಟವೇ, ಇನ್ನು ಅನುಮಾನವೇ ಉಳಿಯಲಿಲ್ಲ.

"ಅದು ಧೂಳು, ಬೇಕಾದ್ರೆ ರೇಟ್ ಕಮ್ಮಿ ಮಾಡ್ಕೊಡ್ತೀನಿ" ಅಂದರು ಅಂಗಡಿಯವರು. ಧೂಳಾದರೆ ರೇಟ್ ಯಾಕೆ ಇಳಿಸಬೇಕು?

ಈ ಕೀಟಕ್ಕೆ ಮರ ಸಾಯುವುದು ಅಪರೂಪ. ಆದರೆ ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಕಾಂಡಕ್ಕೆ ಮಸಿ ಬಳಿದ ಹಾಗಾಗುತ್ತದೆ, ಹೂವೂ ಇಳಿಯುತ್ತದೆ. ಯಾವ ಚೆಂದಕ್ಕೆ ನ್ಯಾಚೆಜ್ ಕೊಂಡೆವೋ ಅದೇ ಹೋದಂತೆ. ನಮ್ಮ ಹಳೇ ಮರದ ಕಾಂಡವನ್ನು ಸೋಪಿನ ನೀರು, ಮೆತ್ತನೆ ಬ್ರಷ್ ಹಿಡಿದು ಉಜ್ಜಿ ರಟ್ಟೆ ಬಿದ್ದುಹೋಗಿದೆ. ಗುಲಗಂಜಿ ಹುಳುಗಳು (ಲೇಡಿಬಗ್) ಕೀಟವನ್ನು ಒಂದಿಷ್ಟು ತಿಂದು ನೆರವಾದವು. ಬುಡಕ್ಕೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಾಕಿದರೆ ಕೀಟ ಸಾಯುತ್ತದೆ, ಆದರೆ ವಿಷ ಹೂವಿಗೂ ಏರುತ್ತದೆ. ಪರಾಗಕ್ಕೆ ಬರುವ ಜೇನ್ನೊಣಗಳನ್ನು ನೆನೆದು ನಾನದನ್ನು ಮುಟ್ಟಲಿಲ್ಲ. ಇಷ್ಟು ಚಾಕರಿಯ ಮುಂದೆ ಅವರ ರಿಯಾಯಿತಿ ಯಾವ ಲೆಕ್ಕ? ಪುಕ್ಕಟೆ ಕೊಟ್ಟರೂ ಬೇಡ, ಪಕ್ಕದ ಮರಕ್ಕೂ ಹತ್ತುತ್ತದೆ.

ಹಿಂದಿನ ಸಾಲಿನಿಂದ ಹೂವಿಲ್ಲದ, ಕಾಂಡ ಶುದ್ಧವಾಗಿದ್ದ ಒಂದು ಗಿಡ ತಂದೆ. ಚೆನ್ನಾಗಿ ಹತ್ತಿಕೊಂಡಿದೆ.

ಮರಕ್ಕೆ ಐದಕ್ಕೆ ನಾಲ್ಕೂವರೆ. ನರ್ಸರಿಗೆ ಎರಡು, ಅದೂ ಗೊಣಗದೆ ಗಿಡ ಬದಲಿಸಿಕೊಟ್ಟಿದ್ದಕ್ಕೆ. ಹುಳ ಹತ್ತಿದ ಗಿಡವನ್ನು ಮಾತ್ರ ಮತ್ತೆ ಅದೇ ಸಾಲಿನಲ್ಲೇ ಇಟ್ಟರು.