ತೆಲುಗು ಪದ ತಲೆಯಲ್ಲಿ ನಿಲ್ಲೋಕೆ: ಆ್ಯಪ್, ನೋಟ್‌ಬುಕ್, ಮಿಠಾಯಿ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ನನ್ನ ಓಟು ಚೀಟಿ ತುಂಬಿದ ಮಿಠಾಯಿ ಡಬ್ಬಿಗೆ.

ಕಲಬುರಗಿಯ ನೆಹರೂ ಗಂಜಿನಲ್ಲಿ ಒಂದು ಅಡತ (ಕಮಿಷನ್ ಮೇಲೆ ಮಾಲು ಮಾರಿಕೊಡುವ) ಅಂಗಡಿಯ ಲೆಕ್ಕ ಬರೆಯುತ್ತೇನೆ. ವಯಸ್ಸು 43. ತೆಲಂಗಾಣದ ತಾಂಡೂರು ಕಡೆಯಿಂದ ತೊಗರಿ ಕಳಿಸುವವರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ಅಲ್ಲಿನ ವ್ಯಾಪಾರಿಗಳ ಜೊತೆ ಹಿಂದಿಯಲ್ಲಿ ಹೇಗೋ ನಡೆಯುತ್ತದೆ, ರೈತರ ಜೊತೆ ತೆಲುಗೇ ಬೇಕು. ಹಾಗಾಗಿ 1,800 ರೂಪಾಯಿ ಕೊಟ್ಟು ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ದುಡ್ಡು ದಂಡ ಆಯ್ತು.

ಆ್ಯಪಿನಲ್ಲಿ ಬೇರೆ ಎಲ್ಲಾ ಚೆನ್ನಾಗಿದೆ. ತೊಂದರೆ ಒಂದೇ, ಪ್ರತಿ ಪದಕ್ಕೂ ನಾಲ್ಕು ಉತ್ತರ ತೋರಿಸಿ ಒಂದನ್ನು ಒತ್ತು ಅನ್ನುತ್ತದೆ. ಎರಡು ತಿಂಗಳಲ್ಲಿ ನನಗೆ 600 ಪದ ಬಂದಿವೆ ಅಂತ ಅದೇ ಹೇಳಿತು, ನಾನೂ ನಂಬಿದೆ. ಒಂದು ಬೆಳಿಗ್ಗೆ ಫೋನಿನಲ್ಲಿ ಒಬ್ಬ ರೈತರು 'ಕಂದುಲು ತಡಿಗಾ ಉನ್ನಾಯಿ' ಅಂದರು. ನನ್ನ ಕಿವಿಗೆ ಬಿದ್ದದ್ದು ನಮ್ಮ 'ತಡಿ'. ಸ್ವಲ್ಪ ತಡೀರಿ ಅಂತಿದ್ದಾರೆ ಅಂದುಕೊಂಡು 'ಸರೇ, ಸರೇ' ಅಂದೆ. ತೆಲುಗಿನಲ್ಲಿ ತಡಿ ಅಂದರೆ ಹಸಿ. ತೊಗರಿ ಇನ್ನೂ ಹಸಿ ಇದೆ, ಕಳಿಸಲಾ ಅನ್ನುವ ಅರ್ಥದಲ್ಲಿ ಅವರು ಕೇಳಿದ್ದು, ನಾನು ಹೂಂ ಅಂದ ಹಾಗೆ ಆಯಿತು. ಸಂಜೆಗೆ 40 ಚೀಲ ಬಂದು ಇಳಿದವು. ಎರಡು ದಿನ ತಾಡಪತ್ರಿ ಹಾಸಿ ಒಣಗಿಸಿದೆವು. ಸಾವಕಾರರು ಬೈಯಲಿಲ್ಲ. 'ನೀವು ತೆಲುಗು ಕಲೀತಿದ್ರಲ್ರಿ?' ಅಂತ ಇಷ್ಟೇ ಕೇಳಿದರು. ಅದು ಇನ್ನೂ ಜಾಸ್ತಿ ಚುಚ್ಚಿತು.

ಮನೆಗೆ ಬಂದು ಆ್ಯಪ್ ತೆಗೆದು ನೋಡಿದರೆ ಆ ಪದ ನಾನು ಐದು ಸಲ ಸರಿಯಾಗಿ ಒತ್ತಿದ್ದೇನೆ! ಜೊತೆಗಿದ್ದ ಉಳಿದ ಮೂರು ಉತ್ತರ ಬೆಕ್ಕು, ತಮ್ಮ, ಹತ್ತು ಅಂತ ಇದ್ದರೆ ಯಾರು ತಪ್ಪು ಒತ್ತುತ್ತಾರೆ ಹೇಳಿ. ನೋಡಿ ಗುರುತು ಹಿಡಿಯುವುದು ಬೇರೆ, ಏನೂ ಇಲ್ಲದೆ ಬಾಯಿಗೆ ತಂದುಕೊಳ್ಳುವುದು ಬೇರೆ. ಫೋನಿನಲ್ಲಿ ಯಾರೂ ನಾಲ್ಕು ಉತ್ತರ ಕೊಡುವುದಿಲ್ಲ ಅಲ್ವಾ. ಇನ್ನೊಂದು, ಆ ಆ್ಯಪ್ ಇಂಗ್ಲಿಷಿನ ಮೂಲಕ ತೆಲುಗು ಕಲಿಸುತ್ತದೆ. ನಮಗೆ ಎಡವಟ್ಟಾಗುವುದೇ ಕನ್ನಡದ ಹಾಗೆ ಕೇಳುವ ಪದಗಳಲ್ಲಿ. ತೆಲುಗಿನ 'ನಿನ್ನ' ಅಂದರೆ ನಿನ್ನೆ, 'ಅಪ್ಪು' ಅಂದರೆ ಸಾಲ, 'ವದ್ದು' ಅಂದರೆ ಬೇಡ. ಇಂಗ್ಲಿಷಿನಿಂದ ಬರುವವರಿಗೆ ಇಲ್ಲಿ ಯಾವ ಗೊಂದಲವೂ ಇಲ್ಲ, ಹಾಗಾಗಿ ಆ್ಯಪಿನಲ್ಲಿ ಅದರ ಮಾತೇ ಇಲ್ಲ.

ನೋಟ್‌ಬುಕ್ ಕೂಡ ನೋಡಿದೆ. ಒಂದೇ ದಿನ ನಿನ್ನ, ಮೊನ್ನ, ರೇಪು (ನಾಳೆ), ಎಲ್ಲುಂಡಿ (ನಾಡಿದ್ದು) ಎಲ್ಲಾ ಸಾಲಾಗಿ ಬರೆದುಕೊಂಡೆ. ನಾಳೆ, ನಾಡಿದ್ದು ಎಲ್ಲಾ ಕಲಸಿಹೋಯಿತು. ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿತರೆ ಒಂದರ ಮೇಲೊಂದು ಬೀಳುತ್ತವೆ. ಪಟ್ಟಿಯಲ್ಲಿ ಮುಂದಿನ ಪದ ಯಾವುದು ಅನ್ನುವುದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಈಗ ಡಬ್ಬಿ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು ಜರ್ಮನ್ ಓದುಗರಿಗೆ ಹೇಳಿಕೊಟ್ಟ ಉಪಾಯ ಇದು. ನಾನು ಹಳೆಯ ಮಿಠಾಯಿ ಡಬ್ಬಿಯಲ್ಲಿ ರಟ್ಟು ನಿಲ್ಲಿಸಿ ಐದು ಮನೆ ಮಾಡಿದೆ. ಮದುವೆ ಕಾರ್ಡುಗಳನ್ನು ಕತ್ತರಿಸಿ ಖಾಲಿ ಮೈಯ ಚೀಟಿ ಮಾಡಿದೆ. ಮುಂದೆ ಕನ್ನಡದಲ್ಲಿ 'ತೊಗರಿ ಹಸಿ ಇದೆಯಾ?', ಹಿಂದೆ 'ಕಂದುಲು ತಡಿಗಾ ಉನ್ನಾಯಾ?'. ಒಂಟಿ ಪದ ಬರೆಯುವುದಿಲ್ಲ, ನಾಳೆ ಫೋನಿನಲ್ಲಿ ಹೇಳಬೇಕಾದ ಮಾತನ್ನೇ ಬರೆಯುತ್ತೇನೆ. ಗಟ್ಟಿಯಾಗಿ ಹೇಳಿದ ಮೇಲೆ ತಿರುವಬೇಕು. ಸರಿಯಾದರೆ ಚೀಟಿ ಮುಂದಿನ ಮನೆಗೆ, ತಪ್ಪಿದರೆ ಮತ್ತೆ ಮೊದಲ ಮನೆಗೆ. ಮೊದಲ ಮನೆ ದಿನಾ ನೋಡುವುದು, ಕೊನೆಯದು 15 ದಿನಕ್ಕೊಮ್ಮೆ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಮರೆಯುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರಿಗಿಂತ ನೋಡದೆ ನೆನಪು ಮಾಡಿಕೊಂಡವರಿಗೆ ವಾರದ ನಂತರ ಜಾಸ್ತಿ ಉಳಿದಿತ್ತು. ಡಬ್ಬಿ ಮಾಡಿಸುವುದು ಇದನ್ನೇ.

ಡಬ್ಬಿಗೆ ದನಿ ಇಲ್ಲ, ಅದೊಂದು ಕೊರತೆ ನಿಜ. ಅದಕ್ಕೆ ಅಂಗಡಿಯ ಹಮಾಲರಲ್ಲಿ ಸೇಡಂ ಕಡೆಯ ಒಬ್ಬರು ತೆಲುಗು ಬಲ್ಲವರು ಇದ್ದಾರೆ, ಚಹಾದ ಹೊತ್ತಿಗೆ 'ಅಣ್ಣಾ, ಇದು ಹ್ಯಾಂಗ ಅಂತೀರಿ?' ಅಂತ ಕೇಳುತ್ತೇನೆ. ಅವರು ಹೇಳಿದ ಮೇಲೆ ಮೂರು ಸಲ ನಾನೂ ಹೇಳುತ್ತೇನೆ.

ಬಸ್ಸು, ರೈಲಿನಲ್ಲಿ ಜಾಸ್ತಿ ಓಡಾಡುವವರಾದರೆ ಆಂಕಿ (Anki) ಅನ್ನುವ ಚೀಟಿ ಆ್ಯಪ್ ನೋಡಿ, ಆಂಡ್ರಾಯ್ಡ್ ಫೋನಿಗೆ ಉಚಿತ, ಚೀಟಿ ನೀವೇ ಬರೆದುಕೊಳ್ಳಬಹುದು. ನನಗೆ ಅದು ಒಗ್ಗಲಿಲ್ಲ. ತೊಗರಿ ಸೀಸನ್ನಿನಲ್ಲಿ ವಾರ ಬಿಟ್ಟೆ, ನೋಡಬೇಕಾದ ಚೀಟಿಗಳು ನೂರಾರು ಗುಡ್ಡೆ ಬಿದ್ದವು, ತೆರೆಯೋಕೇ ಮನಸ್ಸಾಗಲಿಲ್ಲ. ಡಬ್ಬಿಯಲ್ಲಾದರೆ ಮೊದಲ ಮನೆಯ ಹತ್ತು ಚೀಟಿ ತೆಗೆದು ಶುರು ಮಾಡಿದರೆ ಆಯಿತು.

ಆ್ಯಪಿನ ಚಂದಾ ಮಾರ್ಚಿಗೆ ಮುಗಿಯುತ್ತದೆ. ಮತ್ತೆ ಕಟ್ಟುವುದಿಲ್ಲ.